ನಾಲ್ಕು ಸಾಲಿನ ಬದಲಾವಣೆಗೆ 2.0 ಕೊಡಬಹುದೇ? ಮೊದಲ ಅಂಕಿ ಯಾವಾಗ ಏರಬೇಕು?

ನೂಲುಗಾರ

ಎಲ್ಲರಿಗೂ ನಮಸ್ಕಾರ. ದಿನಾಂಕಗಳನ್ನು ಓದಿ ಅರ್ಥಮಾಡಿಕೊಳ್ಳುವ ಒಂದು ಪುಟ್ಟ ಓಪನ್ ಸೋರ್ಸ್ ಲೈಬ್ರರಿಯನ್ನು (ಬೇರೆ ಪ್ರೋಗ್ರಾಂಗಳು ತಮ್ಮೊಳಗೆ ಬಳಸಿಕೊಳ್ಳುವ ಕೋಡ್) ನಾನೂ ಒಬ್ಬ ಗೆಳೆಯರೂ ಐದು ವರ್ಷದಿಂದ ನೋಡಿಕೊಂಡು ಬಂದಿದ್ದೇವೆ. ಸದ್ಯ 1.8.3ರಲ್ಲಿದೆ. ಅದರಲ್ಲಿ ಮೊದಲ ದಿನದಿಂದಲೂ ಒಂದು ಕೆಟ್ಟ ನಡವಳಿಕೆ ಉಳಿದುಕೊಂಡಿದೆ. ಫೆಬ್ರವರಿ 30 ಅಂತ ಕೊಟ್ಟರೆ ಎರರ್ ಎಸೆಯುವುದಿಲ್ಲ, ಮಾರ್ಚ್ 2 ಮಾಡಿ ಕೊಟ್ಟುಬಿಡುತ್ತದೆ. ಅಧಿಕ ವರ್ಷವಾದರೆ ಮಾರ್ಚ್ 1. ಹೀಗೆ ತಪ್ಪು ತಾರೀಕುಗಳು ಸದ್ದಿಲ್ಲದೆ ಜನರ ಡೇಟಾದೊಳಗೆ ಸೇರಿಕೊಳ್ಳುತ್ತಿವೆ. ದೂರುಗಳೂ ಬಂದಿವೆ.

ಸರಿಪಡಿಸಲು ಬೇಕಾದದ್ದು ನಾಲ್ಕೇ ಸಾಲು ಕೋಡ್. ಬರೆದಾಗಿದೆ, ಟೆಸ್ಟ್‌ಗಳೂ ಪಾಸಾಗಿವೆ. ತಕರಾರು ಇರುವುದು ನಂಬರಿನಲ್ಲಿ. ಗೆಳೆಯರು ಹೇಳುವುದು ಹೀಗೆ: ಇದು ಬಗ್, ಬಗ್ ಸರಿಮಾಡಿದರೆ ಕೊನೆಯ ಅಂಕಿ ಏರಿಸುವುದು ವಾಡಿಕೆ, 1.8.4 ಅಂತ ಬಿಡೋಣ. 2.0 ಅಂತ ಹಾಕಿದರೆ ಏನೋ ದೊಡ್ಡದು ಬಂದಿದೆ ಅಂತ ಜನ ಬಂದು ನೋಡುತ್ತಾರೆ, ನೋಡಿದರೆ ಹೊಸದು ಏನೂ ಇಲ್ಲ. ಟೈಮ್‌ಝೋನ್ ಕೆಲಸ ಅರ್ಧ ಆಗಿದೆ, ಅದು ಮುಗಿದ ಮೇಲೆ 2.0 ಮಾಡಿದರೆ ಆ ನಂಬರಿಗೂ ಒಂದು ತೂಕ ಬರುತ್ತದೆ.

ನನಗೆ ಯಾಕೋ ಮನಸ್ಸು ಒಪ್ಪುತ್ತಿಲ್ಲ. ಆದರೆ ಯಾಕೆ ಒಪ್ಪುತ್ತಿಲ್ಲ ಅಂತ ಅವರಿಗೆ ಬಿಡಿಸಿ ಹೇಳಲೂ ಬರುತ್ತಿಲ್ಲ. ಮೊದಲ ಅಂಕಿ ನಿಜವಾಗಿ ಯಾವ ಮಾತು ಹೇಳಬೇಕು? ಲೈಬ್ರರಿ ನಡೆಸಿದವರು, ಬಳಸಿ ಪೆಟ್ಟು ತಿಂದವರು ದಯವಿಟ್ಟು ಬರೆಯಿರಿ.

ಬಿಡುಗಡೆಪಾಳಿ

2.0 ಮಾಡಿ. ಟೈಮ್‌ಝೋನ್‌ಗೆ ಕಾಯಬೇಡಿ.

ನಿಮ್ಮ ನಂಬರನ್ನು ಎಲ್ಲರಿಗಿಂತ ಮೊದಲು ಓದುವುದು ಪ್ಯಾಕೇಜ್ ಮ್ಯಾನೇಜರ್, ಅಂದರೆ ಲೈಬ್ರರಿಗಳನ್ನು ತಂದು ಹಾಕುವ ಪ್ರೋಗ್ರಾಂ. ಬಳಸುವವರು ತಮಗೆ ಬೇಕಾದ ಲೈಬ್ರರಿಗಳ ಪಟ್ಟಿಯಲ್ಲಿ (ಡಿಪೆಂಡೆನ್ಸಿ ಪಟ್ಟಿ) ^1.8.3 ಅಂತ ಬರೆದಿರುತ್ತಾರೆ. ಜಾವಾಸ್ಕ್ರಿಪ್ಟ್‌ನ ಪ್ಯಾಕೇಜ್ ಮ್ಯಾನೇಜರ್ ಎನ್‌ಪಿಎಂನಲ್ಲಿ ಆ ಕ್ಯಾರೆಟ್ ಗುರುತಿನ ಅರ್ಥ, 1.8.3 ಆಗಲಿ ಅದಕ್ಕಿಂತ ಹೊಸದಾಗಲಿ ತಂದುಕೋ, 2.0.0 ಬಂದರೆ ಮಾತ್ರ ಮುಟ್ಟಬೇಡ ಅಂತ. ರಸ್ಟ್ ಭಾಷೆಯ ಕಾರ್ಗೋದಲ್ಲಿ ಗುರುತೇ ಬೇಡ, ಬರೀ 1.8.3 ಅಂದರೂ ಅದೇ ಅರ್ಥ. ನೀವು 1.8.4 ಬಿಟ್ಟ ರಾತ್ರಿಯೇ, ಲಾಕ್ ಫೈಲ್ (ಇಂಥದ್ದೇ ಆವೃತ್ತಿ ಅಂತ ಕಟ್ಟಿಹಾಕುವ ಫೈಲ್) ಇಲ್ಲದ ಪ್ರತಿಯೊಂದು ಬಿಲ್ಡ್‌ಗೂ ಅದು ತಾನಾಗಿ ಇಳಿಯುತ್ತದೆ. ನಿನ್ನೆ ಮಾರ್ಚ್ 2 ಬರುತ್ತಿದ್ದ ಜಾಗದಲ್ಲಿ ಇವತ್ತು ಪ್ರೋಗ್ರಾಂ ನಿಂತುಹೋಗುತ್ತದೆ. ಬಳಸುವವರನ್ನು ಒಂದು ಮಾತೂ ಕೇಳಿರುವುದಿಲ್ಲ.

ಗಿಟ್‌ಹಬ್ ಸ್ಥಾಪಕರಲ್ಲಿ ಒಬ್ಬರಾದ ಟಾಮ್ ಪ್ರೆಸ್ಟನ್-ವರ್ನರ್ ಬರೆದ ಸೆಮ್ಯಾಂಟಿಕ್ ವರ್ಷನಿಂಗ್ ನಿಯಮಗಳು ಇದನ್ನೇ ಹೇಳುತ್ತವೆ. ಈಗ ಚಾಲ್ತಿಯಲ್ಲಿರುವ 2.0.0 ಆವೃತ್ತಿ 2013ರದ್ದು. ಹಳೆಯ ಬಳಕೆ ಮುರಿದರೆ ಮೇಜರ್ (ಮೊದಲ ಅಂಕಿ), ಮುರಿಯದೆ ಹೊಸದು ಸೇರಿದರೆ ಮೈನರ್ (ಎರಡನೆಯದು), ಮುರಿಯದೆ ತಪ್ಪು ತಿದ್ದಿದರೆ ಪ್ಯಾಚ್ (ಮೂರನೆಯದು). ಬದಲಾವಣೆ ಎಷ್ಟು ದೊಡ್ಡದು, ಎಷ್ಟು ತಿಂಗಳ ದುಡಿಮೆ ಎಂಬ ಮಾತೇ ಅದರಲ್ಲಿಲ್ಲ. ಹತ್ತು ಸಾವಿರ ಸಾಲು ಹೊಸ ಕೋಡ್ ಸೇರಿದರೂ ಹಳೆಯ ಕರೆಗಳೆಲ್ಲ ಮೊದಲಿನಂತೆ ನಡೆದರೆ ಅದು 1.9. ನಾಲ್ಕು ಸಾಲಿನಲ್ಲಿ ಒಂದು ಕರೆ ಬೇರೆ ಉತ್ತರ ಕೊಟ್ಟರೆ ಅದು 2.0.

ಮಿಂಚುಹುಳ

ನಾನು ಈ ಕ್ಷೇತ್ರಕ್ಕೆ ಹೊಸಬಳು, ತಪ್ಪಿದ್ದರೆ ತಿದ್ದಿ. ಮೊದಲ ಅಂಕಿ ಏರಿದರೆ ಏನೋ ಮುರಿಯಿತು ಅಂತಾದರೆ, ಕ್ರೋಮ್ ನೂರು ದಾಟಿ ಎಷ್ಟೋ ಕಾಲ ಆಯ್ತಲ್ಲ? ನನಗೇನೂ ಮುರಿದದ್ದು ನೆನಪಿಲ್ಲ. ಲಿನಕ್ಸ್ 5ರಿಂದ 6ಕ್ಕೆ ಹೋದಾಗಲೂ ನಮ್ಮ ಮೆಷಿನ್‌ನಲ್ಲಿ ಏನೂ ಆಗ್ಲಿಲ್ಲ. ಹಾಗಾದ್ರೆ ಅವರು ನಿಯಮ ಪಾಲಿಸ್ತಿಲ್ವಾ?

ಹಳೇಕೀಲಿ

ಒಳ್ಳೆಯ ಪ್ರಶ್ನೆ ಕಣಮ್ಮ. ಅವರು ಪಾಲಿಸುವ ನಿಯಮವೇ ಬೇರೆ. ಮೂವತ್ತು ವರ್ಷದಿಂದ ಈ ನಂಬರುಗಳನ್ನು ನೋಡುತ್ತಾ ಬಂದಿದ್ದೇನೆ. ನೋಡಲು ಒಂದೇ ಥರ ಕಾಣುವ ಮೂರು ಅಂಕಿಗಳ ಹಿಂದೆ ಕನಿಷ್ಠ ನಾಲ್ಕೈದು ಬೇರೆ ಬೇರೆ ಭಾಷೆಗಳಿವೆ. ಸ್ವಲ್ಪ ಉದ್ದವಾಗುತ್ತದೆ, ಸಮಾಧಾನವಾಗಿ ಓದಿ.

ಲಿನಕ್ಸ್ ಕರ್ನೆಲ್, ಅಂದರೆ ಆ ಆಪರೇಟಿಂಗ್ ಸಿಸ್ಟಮ್‌ನ ತಿರುಳು, ತೆಗೆದುಕೊಳ್ಳಿ. ಒಂದು ಕಾಲಕ್ಕೆ ಅಲ್ಲಿ ಎರಡನೇ ಅಂಕಿಗೆ ಅರ್ಥವಿತ್ತು: ಸರಿಸಂಖ್ಯೆ ಇದ್ದರೆ ಬಳಸಬಹುದಾದದ್ದು, ಬೆಸವಾದರೆ ಪ್ರಯೋಗದ್ದು. 2.4 ಜನರಿಗೆ, 2.5 ಕೆಲಸ ಮಾಡುವವರಿಗೆ. 2003ರ ಕೊನೆಯಲ್ಲಿ 2.6 ಬಂದ ಮೇಲೆ ಆ ಪದ್ಧತಿ ನಿಂತಿತು, 2.6 ಮಾತ್ರ ಎಂಟು ವರ್ಷ ಎಳೆದುಕೊಂಡು 2.6.39ರವರೆಗೆ ಬಂತು. 2011ರಲ್ಲಿ ಲಿನಕ್ಸ್‌ನ ಕರ್ತೃ ಲೀನಸ್ ಟೋರ್ವಾಲ್ಡ್ಸ್ ಅದರ ಮುಂದಿನದನ್ನು 3.0 ಅಂತ ಕರೆದರು. ಮುರಿದದ್ದು ಏನೂ ಇಲ್ಲ, ವಿಶೇಷ ಸೌಲಭ್ಯವೂ ಇಲ್ಲ, ಕರ್ನೆಲ್‌ಗೆ ಇಪ್ಪತ್ತು ವರ್ಷ ತುಂಬುತ್ತಿದೆ, ಅಂಕಿಗಳು ಉದ್ದವಾಗಿವೆ, ಅಷ್ಟೇ ಕಾರಣ ಅಂತ ಅವರೇ ಸ್ಪಷ್ಟವಾಗಿ ಹೇಳಿದ್ದರು. ಆಮೇಲೆ 3.19 ಆದ ಮೇಲೆ 4.0, 4.20 ಆದ ಮೇಲೆ 5.0, 5.19 ಆದ ಮೇಲೆ 6.0. ಎರಡನೇ ಅಂಕಿ ಇಪ್ಪತ್ತರ ಹತ್ತಿರ ಬಂದರೆ ಮೊದಲನೆಯದು ಏರುತ್ತದೆ. ಅಲ್ಲಿ ನಿಜವಾದ ವಚನ ನಂಬರಿನಲ್ಲಿಲ್ಲ. ಮೇಲೆ ನಡೆಯುವ ಪ್ರೋಗ್ರಾಂಗಳನ್ನು ಯಾವ ನಂಬರಿನಲ್ಲೂ ಮುರಿಯಬಾರದು ಎಂಬ ಕಟ್ಟುನಿಟ್ಟು ಇದೆ ನೋಡಿ, ಅದು ವಚನ.

ಏನೂ ಮುರಿಯದ ಆ 3.0ರಲ್ಲೂ ಕೆಲವು ಪ್ರೋಗ್ರಾಂಗಳು ಮುರಿದವು. ಅವುಗಳೊಳಗೆ ಕರ್ನೆಲ್ ಹೆಸರು 2.6 ಅಂತಲೇ ಶುರುವಾಗುತ್ತದೆ ಎಂದು ಬರೆದಿಟ್ಟಿದ್ದರು. ಅಂಥವುಗಳಿಗೆಂದೇ ಮುಂದಿನ ಆವೃತ್ತಿಯಲ್ಲಿ, ಕೇಳಿದರೆ 2.6ರಿಂದ ಶುರುವಾಗುವ ನಂಬರನ್ನೇ ಹೇಳಿಕೊಳ್ಳುವ ಒಂದು ವ್ಯವಸ್ಥೆಯನ್ನು ಕರ್ನೆಲ್‌ಗೇ ಸೇರಿಸಬೇಕಾಯಿತು.

ಕ್ರೋಮ್, ಫೈರ್‌ಫಾಕ್ಸ್‌ಗಳದ್ದು ರೈಲಿನ ವೇಳಾಪಟ್ಟಿ. ಫೈರ್‌ಫಾಕ್ಸ್ 4 ಬಂದದ್ದು 2011ರ ಮಾರ್ಚ್‌ನಲ್ಲಿ, 5 ಬಂದದ್ದು ಅದೇ ಜೂನ್‌ನಲ್ಲಿ. ನಿಗದಿತ ದಿನಕ್ಕೆ ರೈಲು ಹೊರಡುತ್ತದೆ, ಸಿದ್ಧವಾದ ಸರಕು ಹತ್ತುತ್ತದೆ, ಆಗದೇ ಉಳಿದದ್ದು ಮುಂದಿನ ರೈಲಿಗೆ. ಅಲ್ಲಿ 100 ಎಂದರೆ ನೂರನೇ ನಂಬರಿನ ರೈಲು. ಆದರೆ 2022ರಲ್ಲಿ ಎರಡೂ ಬ್ರೌಸರ್‌ಗಳು 100ಕ್ಕೆ ಹತ್ತಿರವಾದಾಗ ಎರಡೂ ತಂಡಗಳು ಮೊದಲೇ ಪರೀಕ್ಷೆ ಮಾಡಿ ನೋಡಿದವು, ಏಕೆಂದರೆ ಎರಡೇ ಅಂಕಿ ಓದುವ ಸೈಟುಗಳಿಗೆ 100 ಎಂಬುದು 10 ಆಗಿ ಕಾಣುವ ಭಯವಿತ್ತು. ಅದಕ್ಕಿಂತ ಹಿಂದೆ ಒಪೆರಾ ಬ್ರೌಸರ್ 10ನೇ ಆವೃತ್ತಿಗೆ ಬಂದಾಗ ಒಂದೇ ಅಂಕಿ ಓದುತ್ತಿದ್ದ ಸೈಟುಗಳಿಂದಾಗಿ ತನ್ನ ಗುರುತಿನ ಸಾಲಿನಲ್ಲಿ 9.80 ಅಂತಲೇ ಬರೆದುಕೊಂಡು, ನಿಜವಾದ ನಂಬರನ್ನು ಸಾಲಿನ ಕೊನೆಗೆ ಹಾಕಬೇಕಾಯಿತು.

ಉಬುಂಟುವಿನ ನಂಬರು ಕ್ಯಾಲೆಂಡರ್. 4.10 ಎಂದರೆ 2004ರ ಅಕ್ಟೋಬರ್. 6.06 ಎಂಬ ಒಂದು ಆವೃತ್ತಿ ಇದೆ, ಏಪ್ರಿಲ್‌ನಲ್ಲಿ ಬರಬೇಕಿದ್ದದ್ದು ಜೂನ್‌ಗೆ ಹೋದದ್ದಕ್ಕೆ ನಂಬರೇ ಸಾಕ್ಷಿ. ಆಪಲ್ ಕೂಡ 2025ರಲ್ಲಿ ಐಒಎಸ್ 18ರಿಂದ ನೇರ 26ಕ್ಕೆ ಹಾರಿ ವರ್ಷದ ಲೆಕ್ಕ ಹಿಡಿಯಿತು.

ಡೊನಾಲ್ಡ್ ಕನೂತ್ ಅವರ ಟೆಕ್ ಎಂಬ ಅಕ್ಷರಜೋಡಣೆಯ ಪ್ರೋಗ್ರಾಂ ನೋಡಿ, ನನಗೆ ಅತ್ಯಂತ ಪ್ರೀತಿಯ ನಂಬರು ಅದು. 3.1, 3.14, 3.141 ಎಂದು ಪ್ರತಿ ತಿದ್ದುಪಡಿಗೂ ಪೈ ಬೆಲೆಯ ಒಂದು ಅಂಕಿ ಸೇರುತ್ತದೆ. 2021ರಲ್ಲಿ 3.141592653ಕ್ಕೆ ಬಂದಿತ್ತು. ಹೊಸ ಸೌಲಭ್ಯ ಇನ್ನು ಬರುವುದಿಲ್ಲ, ತಪ್ಪು ಮಾತ್ರ ತಿದ್ದುತ್ತೇನೆ, ಪ್ರತಿ ಸಲವೂ ಪೂರ್ಣತೆಗೆ ಸ್ವಲ್ಪ ಹತ್ತಿರ ಹೋಗುತ್ತೇನೆ ಎಂಬ ಮಾತನ್ನು ಒಂದು ನಂಬರು ಇಷ್ಟು ಚೆನ್ನಾಗಿ ಹೇಳಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆದ್ದರಿಂದ ನಂಬರು ನೋಡಿ ಅರ್ಥ ಹೇಳುವ ಮುನ್ನ ಅದು ಯಾವ ಭಾಷೆಯದು ಎಂದು ತಿಳಿದಿರಬೇಕು. ನೂಲುಗಾರರ ಲೈಬ್ರರಿ ಪ್ಯಾಕೇಜ್ ಮ್ಯಾನೇಜರ್ ಮೂಲಕ ಹೋಗುತ್ತದೆ. ಅಲ್ಲಿ ನಡೆಯುವ ಭಾಷೆ ಬಿಡುಗಡೆಪಾಳಿ ಹೇಳಿದ್ದೇ.

ಮಿಂಚುಹುಳ

ತುಂಬಾ ಧನ್ಯವಾದ ಸರ್. ಇಷ್ಟು ದಿನ ಎಲ್ಲಾ ನಂಬರನ್ನೂ ಒಂದೇ ತಕ್ಕಡೀಲಿ ತೂಗ್ತಿದ್ದೆ. ಇನ್ನೊಂದು ಸಣ್ಣ ಅನುಮಾನ: 1.9 ಆದ ಮೇಲೆ 2.0 ಬರಲೇಬೇಕಾ?

ಬಿಡುಗಡೆಪಾಳಿ

ಇಲ್ಲ. 1.9 ಆದ ಮೇಲೆ 1.10, ಆಮೇಲೆ 1.11. ಆ ಚುಕ್ಕೆ ದಶಮಾಂಶದ್ದಲ್ಲ, ಪುಸ್ತಕದ ಅಧ್ಯಾಯ ಮತ್ತು ಪ್ರಕರಣಗಳ ನಡುವೆ ಹಾಕುವಂಥದ್ದು. ಆದರೂ ಇದು ದೊಡ್ಡವರಿಗೂ ಕಾಟ ಕೊಟ್ಟಿದೆ. 2021ರಲ್ಲಿ ಪೈಥಾನ್ 3.10 ಬಂದಾಗ ವರ್ಷನ್ ಸಾಲಿನ ಮೊದಲ ಮೂರು ಅಕ್ಷರ ಕತ್ತರಿಸಿ ಓದುತ್ತಿದ್ದ ಕೋಡ್‌ಗೆ ಅದು 3.1 ಆಗಿ ಕಂಡಿತು. ವೈಎಎಂಎಲ್ ಎಂಬ ಸೆಟ್ಟಿಂಗ್ಸ್ ಫೈಲಿನಲ್ಲಿ ಉದ್ಧರಣ ಚಿಹ್ನೆ ಇಲ್ಲದೆ 3.10 ಬರೆದರೆ ಅದನ್ನು ದಶಮಾಂಶವೆಂದು ಓದಿ ಕೊನೆಯ ಸೊನ್ನೆ ಬಿದ್ದುಹೋಗುತ್ತದೆ, ಬಿಲ್ಡ್ ಹೋಗಿ ಪೈಥಾನ್ 3.1 ಹುಡುಕುತ್ತದೆ. ಈಗಲೂ ಹೊಸಬರು ಬೀಳುವ ಗುಂಡಿ, ಉದ್ಧರಣ ಚಿಹ್ನೆ ಹಾಕುವುದು ಮರೆಯಬೇಡಿ.

ಕಡತಪಾಲಕ

ನಾನು ಕೋಡ್ ಬರೆಯುವವನಲ್ಲ, ಡೇಟಾಬೇಸ್ ನೋಡಿಕೊಳ್ಳುವವನು. ನಮ್ಮ ಕಡೆ ಮೇಜರ್ ಅಂದ್ರೆ ರಾತ್ರಿ ನಿದ್ದೆಯ ಲೆಕ್ಕ ರೀ.

ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ 16.2ರಿಂದ 16.3ಕ್ಕೆ ಹೋಗುವುದೆಂದರೆ ಹೊಸ ಪ್ರೋಗ್ರಾಂ ಹಾಕಿ ಸರ್ವರ್ ನಿಲ್ಲಿಸಿ ಮತ್ತೆ ಶುರು ಮಾಡುವುದು. ಡೇಟಾ ಇದ್ದಲ್ಲೇ ಇರುತ್ತದೆ. 16ರಿಂದ 17ಕ್ಕೆ ಹೋಗುವುದೆಂದರೆ ಡಿಸ್ಕ್ ಮೇಲಿನ ಡೇಟಾ ಡೈರೆಕ್ಟರಿಯೇ ಹೊಸದಕ್ಕೆ ಓದಲು ಬರುವುದಿಲ್ಲ. ಪಿಜಿ-ಅಪ್‌ಗ್ರೇಡ್ ಎಂಬ ಸಾಧನ ಓಡಿಸಬೇಕು, ಇಲ್ಲವೇ ಪೂರ್ತಿ ಡಂಪ್ ತೆಗೆದು ಮರಳಿ ತುಂಬಬೇಕು, ಅಥವಾ ರೆಪ್ಲಿಕೇಶನ್ ಮೂಲಕ ಸಾಗಿಸಬೇಕು. ಪ್ರತಿ ಮೇಜರ್‌ಗೂ ಐದು ವರ್ಷ ಬೆಂಬಲ. ಆ ಅಂಕಿ ನೋಡಿಯೇ ನಾವು ವರ್ಷದ ಯೋಜನೆ ಹಾಕುತ್ತೇವೆ.

ಇಲ್ಲೂ ಒಂದು ಕಥೆ ಇದೆ. 2017ರಲ್ಲಿ 10 ಬರುವವರೆಗೆ ಪೋಸ್ಟ್‌ಗ್ರೆಸ್‌ನಲ್ಲಿ ಮೇಜರ್ ಅಂದರೆ ಮೊದಲ ಎರಡು ಅಂಕಿ. 9.5ರಿಂದ 9.6 ಕೂಡ ಮೇಜರ್. ಅದನ್ನು ಮೈನರ್ ಅಂದುಕೊಂಡು ಪ್ಯಾಕೇಜ್ ಅಪ್‌ಡೇಟ್ ಮಾಡಿ, ಸರ್ವರ್ ಮೇಲೇಳದೆ ಬೆಳಗಿನ ಜಾವದವರೆಗೆ ಕೂತ ರಾತ್ರಿ ನನಗಿನ್ನೂ ನೆನಪಿದೆ. ಅವರು ಒಂದೇ ಅಂಕಿಗೆ ಬಂದಾಗ ನನಗಾದ ಸಂತೋಷ ದೊಡ್ಡದು. ನಂಬರು ನೋಡಿದ ಕೂಡಲೇ ನಾನು ಏನು ಮಾಡಬೇಕು ಅಂತ ತಿಳಿಯಬೇಕು. ತಿಳಿಯದಿದ್ದರೆ ಆ ನಂಬರು ನನಗೆ ಯಾಕೆ?

ತಾಳೆನೋಡಿ

ಎಲ್ಲರೂ ಒಂದೇ ದನಿಯಲ್ಲಿ 2.0 ಅನ್ನುತ್ತಿದ್ದೀರಿ, ಹಾಗಾಗಿ ಎದುರು ಪಕ್ಷ ಹೇಳಲೇಬೇಕು.

ಮುರಿದರೆ ಮೇಜರ್ ಎಂಬ ನಿಯಮ ಕೇಳಲು ಚೆಂದ. ಆದರೆ ಮುರಿಯಿತು ಅಂತ ತೀರ್ಮಾನಿಸುವವರು ಯಾರು? ಗೂಗಲ್‌ನಲ್ಲಿ ಕೆಲಸ ಮಾಡಿದ ಹೈರಮ್ ರೈಟ್ ಅವರ ಹೆಸರಿನ ಒಂದು ಮಾತು ನಮ್ಮಲ್ಲಿ ಬಹಳ ಚಾಲ್ತಿಯಲ್ಲಿದೆ: ಬಳಸುವವರು ಸಾಕಷ್ಟು ಜನ ಇದ್ದರೆ, ನೀವು ದಾಖಲೆಯಲ್ಲಿ ಏನೇ ಬರೆದಿರಿ, ಹೊರಗೆ ಕಾಣುವ ಪ್ರತಿಯೊಂದು ನಡವಳಿಕೆಯ ಮೇಲೂ ಯಾರೋ ಒಬ್ಬರು ನಿಂತಿರುತ್ತಾರೆ. ಎರರ್ ಸಂದೇಶದ ಪದಗಳ ಮೇಲೆ, ಪಟ್ಟಿ ಬರುವ ಕ್ರಮದ ಮೇಲೆ, ವೇಗದ ಮೇಲೆ ಕೂಡ. ಹಾಗೆ ನೋಡಿದರೆ ಪ್ರತಿ ಬಗ್ ತಿದ್ದುಪಡಿಯೂ ಯಾರಿಗೋ ಮುರಿತವೇ. ಪ್ರತಿಯೊಂದಕ್ಕೂ ಮೇಜರ್ ಏರಿಸುತ್ತಾ ಹೋದರೆ ಎರಡು ವರ್ಷದಲ್ಲಿ 47.0 ಆಗುತ್ತದೆ, ಆಮೇಲೆ ಆ ಅಂಕಿಯನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ.

ನನ್ನ ಅನುಭವ ಹೇಳುತ್ತೇನೆ. ನಾವು ಬಳಸುತ್ತಿದ್ದ ಒಂದು ಲೈಬ್ರರಿ ಪ್ಯಾಚ್ ಬಿಡುಗಡೆಯಲ್ಲಿ ಸಂಖ್ಯೆಗಳನ್ನು ದುಂಡಾಗಿಸುವ ರೀತಿಯನ್ನು ತಿದ್ದಿತು. ತಿದ್ದಿದ್ದು ಸರಿಯೇ, ಹಿಂದಿನದು ತಪ್ಪಿತ್ತು. ಆದರೆ ನಮ್ಮ ತಿಂಗಳ ಕೊನೆಯ ಲೆಕ್ಕ ತಾಳೆಯಾಗದೆ ಮೂರು ದಿನ ಹುಡುಕಿದೆವು. ಕೊನೆಯ ಅಂಕಿ ಮಾತ್ರ ಬದಲಾಗಿದ್ದರಿಂದ ಅದರ ಮೇಲೆ ಯಾರಿಗೂ ಅನುಮಾನವೇ ಬರಲಿಲ್ಲ. ಅಂದಿನಿಂದ ನಾನು ನಂಬರನ್ನು ನಂಬುವುದು ಬಿಟ್ಟೆ. ಲಾಕ್ ಫೈಲ್, ಟೆಸ್ಟ್, ಚೇಂಜ್‌ಲಾಗ್ (ಬದಲಾವಣೆಗಳ ಪಟ್ಟಿ), ಈ ಮೂರನ್ನೇ ನಂಬುವುದು.

ಬಿಡುಗಡೆಪಾಳಿ

> ಮುರಿಯಿತು ಅಂತ ತೀರ್ಮಾನಿಸುವವರು ಯಾರು?

ಇದಕ್ಕೆ ಉತ್ತರ ಅದೇ ನಿಯಮಗಳಲ್ಲಿದೆ, ಬಹಳ ಜನ ಆ ಸಾಲನ್ನು ದಾಟಿ ಹೋಗುತ್ತಾರೆ. ಮೊದಲ ಷರತ್ತೇ ಸಾರ್ವಜನಿಕ ಎಪಿಐ (ಹೊರಗಿನವರು ನಂಬಿ ಬಳಸಬಹುದಾದ ಭಾಗ) ಯಾವುದು ಅಂತ ಘೋಷಿಸಬೇಕು ಎಂಬುದು. ಬೇಲಿ ಹಾಕದೆ ಹೊಲ ಯಾರದು ಅಂತ ಜಗಳವಾಡಿದರೆ ಮುಗಿಯುವುದಿಲ್ಲ. ಎರರ್ ಸಂದೇಶದ ಪದಗಳು ಬೇಲಿಯ ಹೊರಗೆ ಅಂತ ಮೊದಲೇ ಬರೆದಿಟ್ಟರೆ ಅದು ಬದಲಾದಾಗ ಪ್ಯಾಚ್ ಸಾಕು.

ಆದರೆ ನಿಮ್ಮ ದುಂಡಾಗಿಸುವ ಕಥೆ ನನ್ನನ್ನು ಯೋಚನೆಗೆ ಹಚ್ಚಿತು, ಅದನ್ನು ಒಪ್ಪಿಕೊಳ್ಳುತ್ತೇನೆ. ಅಲ್ಲಿ ನಾನಿದ್ದಿದ್ದರೂ ಬಹುಶಃ ಪ್ಯಾಚ್ ಅಂತಲೇ ಬಿಡುತ್ತಿದ್ದೆ. ಈಗ ಬಿಡುವುದಿಲ್ಲ. ಬಂದ ಬೆಲೆಯನ್ನು ಜನ ಎಲ್ಲೋ ಉಳಿಸಿಟ್ಟುಕೊಳ್ಳುತ್ತಾರೆ ಎಂದಾದರೆ ಅದು ಬದಲಾಗುವುದು ಬರೀ ಬಗ್ ತಿದ್ದುಪಡಿ ಅಲ್ಲ. ದಿನಾಂಕವೂ ಅಂಥದ್ದೇ, ಡೇಟಾಬೇಸಿಗೆ ಹೋಗಿ ಕೂರುವ ಬೆಲೆ.

ನೂಲುಗಾರರೇ, ಒಂದು ಮಾತು ಕೇಳುತ್ತೇನೆ: ಯಾರಾದರೂ ಬೇಕೆಂದೇ ಜನವರಿ 32 ಕೊಟ್ಟು ಫೆಬ್ರವರಿ 1 ತೆಗೆದುಕೊಳ್ಳುತ್ತಿರಬಹುದೇ? ನಾಳೆ ಎಂಬುದನ್ನು ಲೆಕ್ಕಹಾಕಲು ದಿನಕ್ಕೆ ಒಂದು ಕೂಡಿಸಿ ನಿಮ್ಮ ಫಂಕ್ಷನ್‌ಗೆ ಕೊಡುವವರು?

ನೂಲುಗಾರ

ಈಗಷ್ಟೇ ಹುಡುಕಿ ನೋಡಿದೆ. ಇದ್ದಾರೆ. ಸಾರ್ವಜನಿಕವಾಗಿ ಸಿಗುವ ಕೋಡ್‌ನಲ್ಲೇ ಎರಡು ಕಡೆ ಸಿಕ್ಕಿತು, ಒಂದರಲ್ಲಿ ಮೇಲೊಂದು ಟಿಪ್ಪಣಿಯೂ ಇದೆ: ತಿಂಗಳ ಕೊನೆ ದಾಟಿದರೆ ಲೈಬ್ರರಿ ತಾನೇ ಮುಂದಿನ ತಿಂಗಳಿಗೆ ಹೋಗುತ್ತದೆ ಅಂತ. ಇನ್ನೊಂದು ಕಡೆ ಕಂತಿನ ದಿನ ಲೆಕ್ಕಹಾಕಲು ಬಳಸಿದ್ದಾರೆ. ನನಗೆ ಬಗ್ ಆಗಿದ್ದದ್ದು ಅವರಿಗೆ ಅನುಕೂಲ. 1.8.4 ಅಂತ ಬಿಟ್ಟಿದ್ದರೆ ತಿಂಗಳ ಕೊನೆಯ ದಿನದವರೆಗೆ ಎಲ್ಲ ಸರಿಯಾಗೇ ಇದ್ದು, ಆ ಒಂದು ದಿನ ಮಾತ್ರ ಅವರ ಪ್ರೋಗ್ರಾಂ ನಿಲ್ಲುತ್ತಿತ್ತು. ಕೈ ನಡುಗಿತು ನಿಜವಾಗಿ.

1.8.4 ಆಗಲಾರದು ಎಂಬುದು ಖಚಿತವಾಯಿತು. ಉಳಿದದ್ದು: 2.0 ಈಗಲೇ ಒಂಟಿಯಾಗಿ ಬಿಡುವುದೋ, ಟೈಮ್‌ಝೋನ್ ಜೊತೆಗೋ?

ಎರಡನೇಸಾಲು

ಒಂಟಿಯಾಗಿ. ಇದಕ್ಕೆ ನನ್ನ ಹತ್ತಿರ ಗಟ್ಟಿಯಾದ ಕಾರಣ ಇದೆ.

2.0 ಎಂಬ ನಂಬರು ಬಾಗಿಲು ತೆರೆದ ಕೂಡಲೇ ತಂಡದ ಎಲ್ಲರ ಹಳೆಯ ಆಸೆಗಳೂ ಒಳಗೆ ನುಗ್ಗುತ್ತವೆ. ಹೇಗೂ ಮುರಿಯುತ್ತಿದ್ದೇವೆ, ಇದನ್ನೂ ಬದಲಾಯಿಸೋಣ, ಅದರ ಹೆಸರೂ ಸರಿಯಿಲ್ಲ, ಇದರ ರಚನೆಯೂ ತಿದ್ದೋಣ ಅಂತ. ಬಳಸುವವರ ಕಡೆಯಿಂದ ನೋಡಿ. ಒಂದು ಮುರಿತವಾದರೆ ಮಧ್ಯಾಹ್ನದೊಳಗೆ ಸರಿಮಾಡಿಕೊಂಡು ಮುಂದೆ ಹೋಗುತ್ತಾರೆ. ಇಪ್ಪತ್ತು ಮುರಿತವಾದರೆ ಈ ತಿಂಗಳು ಬೇಡ ಅಂತ ಮುಂದೂಡುತ್ತಾರೆ, ಆಮೇಲೆ ವರ್ಷಗಟ್ಟಲೆ ಹಳೆಯದರಲ್ಲೇ ಉಳಿಯುತ್ತಾರೆ.

ಪೈಥಾನ್ ಕಂಡ ಹಾದಿ ನೋಡಿ. 3.0 ಬಂದದ್ದು 2008ರ ಡಿಸೆಂಬರ್. ಪ್ರಿಂಟ್ ಫಂಕ್ಷನ್ ಆಯಿತು, 3ನ್ನು 2ರಿಂದ ಭಾಗಿಸಿದರೆ 1 ಬದಲು 1.5 ಬಂತು, ಎಲ್ಲಕ್ಕಿಂತ ಮುಖ್ಯವಾಗಿ ಅಕ್ಷರಮಾಲೆಗಳೆಲ್ಲ ಯೂನಿಕೋಡ್ ಆದವು. ನಾವು ಕನ್ನಡ ಪಠ್ಯದ ಮೇಲೆ ಕೆಲಸ ಮಾಡುವವರಿಗೆ ಆ ಕೊನೆಯದು ದೊಡ್ಡ ಉಪಕಾರ, ಅದರ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ಎಲ್ಲ ಒಟ್ಟಿಗೆ ಬಂದದ್ದರಿಂದ ಲೈಬ್ರರಿಗಳು ಬಳಸುವವರಿಗೆ ಕಾದವು, ಬಳಸುವವರು ಲೈಬ್ರರಿಗಳಿಗೆ ಕಾದರು. 2.7ಕ್ಕೆ ಬೆಂಬಲ 2015ಕ್ಕೆ ಮುಗಿಯಬೇಕಿತ್ತು, 2020ಕ್ಕೆ ಮುಂದೂಡಿದರು. ಹನ್ನೊಂದು ವರ್ಷ ಎರಡು ಪೈಥಾನ್‌ಗಳು ಪಕ್ಕಪಕ್ಕದಲ್ಲಿ ಬದುಕಿದವು.

ಅದೇ ತಂಡ ಈಗ ಏನು ಮಾಡುತ್ತಿದೆ? ಸಣ್ಣ ಸಣ್ಣದಾಗಿ ಮುರಿಯುತ್ತದೆ. ಮೊದಲು ಎಚ್ಚರಿಕೆ, ಒಂದೆರಡು ಆವೃತ್ತಿ ಕಳೆದ ಮೇಲೆ ತೆಗೆಯುವುದು. 3.12ರಲ್ಲಿ ಡಿಸ್ಟ್‌ಯುಟಿಲ್ಸ್ ಎಂಬ ಮಾಡ್ಯೂಲ್ ಹೋಯಿತು, 2024ರಲ್ಲಿ ಬಂದ 3.13ರಲ್ಲಿ ಹತ್ತೊಂಬತ್ತು ಹಳೆಯ ಮಾಡ್ಯೂಲ್‌ಗಳು ಹೋದವು. ಮೊದಲ ಅಂಕಿ 3 ಆಗಿಯೇ ನಿಂತಿದೆ. ಸೆಮ್ಯಾಂಟಿಕ್ ನಿಯಮದ ಪ್ರಕಾರ ಇದು ಸರಿಯಲ್ಲ, ಆದರೆ ಪೈಥಾನ್ ಆ ನಿಯಮ ಪಾಲಿಸುತ್ತೇನೆ ಅಂತ ಹೇಳಿಯೂ ಇಲ್ಲ. ಅವರಿಗೆ 4.0 ಎಂಬ ನಂಬರೇ ಈಗ ಜನರಲ್ಲಿ ಹಳೆಯ ಭಯ ಎಬ್ಬಿಸುವಂಥದ್ದು.

ಪರ್ಲ್‌ನದು ಇನ್ನೂ ದುಃಖದ ಕಥೆ. 2000ದಲ್ಲಿ ಪರ್ಲ್ 6 ಬರುತ್ತದೆ ಅಂತ ಘೋಷಿಸಿದರು. ಮೊದಲ ಸ್ಥಿರ ಬಿಡುಗಡೆ ಆದದ್ದು 2015ರ ಡಿಸೆಂಬರ್‌ನಲ್ಲಿ. ಅಷ್ಟರಲ್ಲಿ ಅದು ಪೂರ್ತಿ ಬೇರೆಯದೇ ಭಾಷೆಯಾಗಿತ್ತು. ಇತ್ತ ಪರ್ಲ್ 5 ಚೆನ್ನಾಗಿ ಬೆಳೆಯುತ್ತಲೇ ಇದ್ದರೂ, 6 ಬರಲಿದೆ ಎಂಬ ಕಾರಣಕ್ಕೆ ಹೊರಗಿನವರ ಕಣ್ಣಿಗೆ ಅದು ಹಳತಾಗಿ ಕಂಡಿತು. ಕೊನೆಗೆ 2019ರಲ್ಲಿ ಹೊಸದಕ್ಕೆ ರಾಕು ಎಂದು ಬೇರೆ ಹೆಸರಿಟ್ಟರು. ಅಣ್ಣ ತಮ್ಮ ಅನ್ನಿಸಿಕೊಳ್ಳಬೇಕಾದ ಎರಡು ಭಾಷೆಗಳನ್ನು ಒಂದು ಅಂಕಿ ಹಿಂದಿನದು ಮುಂದಿನದು ಅಂತ ಮಾಡಿಬಿಟ್ಟಿತ್ತು.

ಆದ್ದರಿಂದ ನೂಲುಗಾರರೇ, ನಿಮ್ಮ 2.0 ಎಷ್ಟು ಸಪ್ಪೆಯಾಗಿರುತ್ತದೋ ಅಷ್ಟು ಒಳ್ಳೆಯದು. ಟೈಮ್‌ಝೋನ್ 2.1ರಲ್ಲಿ ಬರಲಿ. ಹೊಸತನ್ನು ಸೇರಿಸಲು ಯಾರ ಅಪ್ಪಣೆಯೂ ಬೇಕಿಲ್ಲ, ತೆಗೆಯಲು ಮಾತ್ರ ಬೇಕು.

ಹಳೇಕೀಲಿ

ಎರಡನೇಸಾಲು ಹೇಳಿದ್ದಕ್ಕೆ ಒಂದು ಸೇರ್ಪಡೆ. ಕೆಲವು ನಂಬರುಗಳು ಬರದೇ ಹೋದದ್ದೂ ಇದೇ ಕಾರಣಕ್ಕೆ. ಪಿಎಚ್‌ಪಿ 6 ಎಂಬುದನ್ನು ಯೂನಿಕೋಡ್ ಬೆಂಬಲದ ದೊಡ್ಡ ಆಸೆಯೊಂದಿಗೆ ಶುರುಮಾಡಿ ಮಧ್ಯದಲ್ಲೇ ಕೈಬಿಟ್ಟರು. ಅಷ್ಟರಲ್ಲಿ ಆ ಹೆಸರಿನ ಪುಸ್ತಕಗಳು ಅಂಗಡಿಗೆ ಬಂದಿದ್ದವು. ಗೊಂದಲ ಬೇಡವೆಂದು ಮತ ಹಾಕಿ, 5.6ರ ನಂತರ 2015ರಲ್ಲಿ ನೇರವಾಗಿ 7.0 ಬಿಟ್ಟರು.

ಇನ್ನೊಂದು, ಒಂದೇ ವಸ್ತುವಿಗೆ ಎರಡು ನಂಬರು ಇಟ್ಟುಕೊಳ್ಳುವುದೂ ತಪ್ಪಲ್ಲ. ವಿಂಡೋಸ್ 7ರ ಒಳಗಿನ ನಂಬರು 6.1. ವಿಸ್ಟಾದ 6.0 ನೋಡಿ ನಡೆಯುತ್ತಿದ್ದ ಪ್ರೋಗ್ರಾಂಗಳು ಎಡವಬಾರದು ಎಂಬ ಕಾಳಜಿ ಅದು. ವಿಂಡೋಸ್ 11 ಒಳಗೆ ಈಗಲೂ 10.0 ಅಂತಲೇ ಹೇಳಿಕೊಳ್ಳುತ್ತದೆ. ಲಿನಕ್ಸ್‌ನಲ್ಲಿ ಬಹುತೇಕ ಪ್ರೋಗ್ರಾಂಗಳಿಗೆ ಬೇಕಾಗುವ ಜಿಲಿಬ್‌ಸಿ ಲೈಬ್ರರಿ ಎರಡು ಪಾಯಿಂಟ್ ಇಷ್ಟು ಎಂದು ವರ್ಷಕ್ಕೆ ಎರಡು ಸಲ ಏರುತ್ತಿರುತ್ತದೆ, ಆದರೆ ಪ್ರೋಗ್ರಾಂಗಳು ಹುಡುಕುವ ಫೈಲಿನ ಹೆಸರಿನಲ್ಲಿರುವ ಅಂಕಿ 1997ರಿಂದಲೂ 6. ಆ 6 ಬದಲಾಗದಂತೆ ಹಳೆಯ ಪ್ರೋಗ್ರಾಂಗಳನ್ನು ಕಾಪಾಡಿಕೊಂಡು ಬಂದವರ ಶ್ರಮ ಯಾವ ಘೋಷಣೆಯಲ್ಲೂ ಕಾಣುವುದಿಲ್ಲ.

ಮಿಂಚುಹುಳ

0.ಇಂದ ಶುರುವಾಗೋ ನಂಬರಿನ ಕಥೆ ಏನು? ನಾನು ಬಳಸೋ ಎಷ್ಟೋ ಲೈಬ್ರರಿಗಳು ವರ್ಷಗಳಿಂದ 0.ದಲ್ಲೇ ಇವೆ.

ತಾಳೆನೋಡಿ

ನಿಯಮದ ಪ್ರಕಾರ 0 ಎಂದರೆ ಇನ್ನೂ ಯಾವ ವಚನವೂ ಕೊಟ್ಟಿಲ್ಲ, ಯಾವಾಗ ಬೇಕಾದರೂ ಏನು ಬೇಕಾದರೂ ಬದಲಾಗಬಹುದು. ಅದಕ್ಕೇ ^0.2.3 ಅಂತ ಬರೆದರೆ ಎನ್‌ಪಿಎಂ 0.3ಕ್ಕೆ ಹೋಗುವುದಿಲ್ಲ, ಎರಡನೇ ಅಂಕಿಯನ್ನೇ ಮೇಜರ್‌ನಂತೆ ನೋಡುತ್ತದೆ. ಆದರೆ ಸಾವಿರಾರು ಜನ ದಿನನಿತ್ಯದ ಕೆಲಸಕ್ಕೆ ಬಳಸುತ್ತಿರುವಾಗ 0ದಲ್ಲೇ ಕೂರುವುದು ಸರಿಯಲ್ಲ ಎಂಬುದು ನನ್ನ ಖಡಾಖಂಡಿತ ಅಭಿಪ್ರಾಯ. ನಿಯಮ ಬರೆದವರೂ, ಉತ್ಪಾದನೆಯಲ್ಲಿ ಬಳಕೆಯಾಗುತ್ತಿದ್ದರೆ ಅದು ಆಗಲೇ 1.0.0 ಆಗಿರಬೇಕಿತ್ತು ಅನ್ನುತ್ತಾರೆ. ವೆಬ್ ಪುಟ ಕಟ್ಟಲು ಬಳಸುವ ರಿಯಾಕ್ಟ್ ಲೈಬ್ರರಿ 0.14ರಲ್ಲಿತ್ತು, 2016ರಲ್ಲಿ ಆ ಸೊನ್ನೆ ತೆಗೆದು 15.0 ಅಂತ ಕರೆದರು. ಬಳಸುವವರಿಗೆ ಇದು ಪಕ್ಕಾ ವಸ್ತು ಅಂತ ಹೇಳಬೇಕಿತ್ತು, ಹೇಳಿದರು.

ನೂಲುಗಾರ

ಇನ್ನೊಂದು ಪ್ರಶ್ನೆ ಉಳಿಯಿತು. ನಮ್ಮ ಲೈಬ್ರರಿಯನ್ನು ನೇರವಾಗಿ ಬಳಸುವವರಿಗಿಂತ, ಬೇರೆ ಲೈಬ್ರರಿಗಳ ಮೂಲಕ ಬಳಸುವವರೇ ಹೆಚ್ಚು. ಒಬ್ಬರ ಪ್ರಾಜೆಕ್ಟಿನಲ್ಲಿ ಒಂದು ಲೈಬ್ರರಿ ನಮ್ಮ 1.x ಕೇಳಿ, ಇನ್ನೊಂದು 2.x ಕೇಳಿದರೆ?

ಬಿಡುಗಡೆಪಾಳಿ

ಅದು ಭಾಷೆಯ ಮೇಲೆ ಹೋಗುತ್ತದೆ. ಎನ್‌ಪಿಎಂ, ಕಾರ್ಗೋಗಳಲ್ಲಿ ಎರಡೂ ಮೇಜರ್‌ಗಳು ಒಟ್ಟಿಗೆ ಇರಬಹುದು. ಪೈಥಾನ್‌ನಲ್ಲಿ ಒಂದು ಪರಿಸರದಲ್ಲಿ ಒಂದೇ, ಅಲ್ಲಿ ಜಗಳ ಖಂಡಿತ. ಗೋ ಭಾಷೆಯಲ್ಲಿ ಇದಕ್ಕೆ ನೇರವಾದ ದಾರಿ ಇದೆ: ಎರಡನೇ ಮೇಜರ್‌ನಿಂದ ಮುಂದೆ ಇಂಪೋರ್ಟ್ ಮಾಡುವ ದಾರಿಯ ಕೊನೆಗೇ ವಿ2 ಅಂತ ಸೇರಿಸಬೇಕು. ಹೆಸರೇ ಬೇರೆಯಾದ್ದರಿಂದ ಎರಡೂ ತಕರಾರಿಲ್ಲದೆ ಜೊತೆಗಿರುತ್ತವೆ. ಮುರಿದರೆ ಅದು ಬೇರೆ ವಸ್ತು, ಬೇರೆ ಹೆಸರು ಕೊಡಿ ಎಂಬ ಆ ಧೋರಣೆ ನನಗೆ ಬಹಳ ಹಿಡಿಸಿದೆ.

ಆದರೆ ಜೊತೆಗಿದ್ದರೂ ಒಂದು ಅಪಾಯ ಇದೆ. 1.x ಮಾಡಿದ ದಿನಾಂಕದ ವಸ್ತುವನ್ನು 2.x ಕೈಗೆ ಕೊಟ್ಟರೆ ಅದು ಗುರುತು ಹಿಡಿಯದೇ ಹೋಗಬಹುದು. ನಿಮ್ಮ ಬದಲಾವಣೆ ಓದುವ ಫಂಕ್ಷನ್‌ನಲ್ಲಿ ಮಾತ್ರ ಇರುವುದರಿಂದ ದಿನಾಂಕದ ವಸ್ತುವಿನ ರೂಪವನ್ನು 2.0ದಲ್ಲಿ ಖಂಡಿತ ಮುಟ್ಟಬೇಡಿ.

ಕಡತಪಾಲಕ

ಮತ್ತೆ ದಯಮಾಡಿ 1.x ಅನ್ನು ಯಾವ ತಾರೀಕಿನವರೆಗೆ ನೋಡಿಕೊಳ್ಳುತ್ತೀರಿ ಅಂತ ಬರೆದು ಹಾಕಿ. ಯಾವಾಗಲೋ ನಿಲ್ಲಿಸುತ್ತೇವೆ ಅಂದರೆ ನಮಗೆ ಯೋಜನೆ ಹಾಕಲು ಬರುವುದಿಲ್ಲ.

ಗಡಿಯಾರಮುಳ್ಳು

ನಮಸ್ಕಾರ, ನೂಲುಗಾರರು ಹೇಳಿದ ಆ ಗೆಳೆಯ ನಾನೇ. ಅವರು ಕೊಂಡಿ ಕಳಿಸಿದರು, ನಿನ್ನೆಯಿಂದ ಎಲ್ಲ ಓದಿದೆ.

ನನ್ನ ಮನಸ್ಸಿನಲ್ಲಿದ್ದದ್ದು ಬರೀ ಶೋಭೆಯಲ್ಲ, ಅದನ್ನು ಹೇಳಿಕೊಳ್ಳಬೇಕು. ನಮ್ಮ ಬಳಕೆದಾರರಲ್ಲಿ ಹೆಚ್ಚಿನವರು ಮೇಜರ್ ಏರಿಸುವ ಗೋಜಿಗೇ ಹೋಗುವುದಿಲ್ಲ. 2.0 ಅಂತ ಬಿಟ್ಟರೆ ತಪ್ಪು ತಾರೀಕು ತಯಾರಿಸುವ 1.8.3 ಅವರಲ್ಲಿ ಹಾಗೇ ಉಳಿಯುತ್ತದೆ. ಪ್ಯಾಚ್ ಆಗಿ ಬಿಟ್ಟರೆ ಎಲ್ಲರಿಗೂ ತಲುಪುತ್ತದೆ. ಫೆಬ್ರವರಿ 30 ಎಂಬ ಹುಟ್ಟಿದ ದಿನ ಮಾರ್ಚ್ 2 ಆಗಿ ಒಂದು ದಾಖಲೆಯಲ್ಲಿ ಕೂತರೆ ಅದನ್ನು ಮುಂದೆ ಯಾರೂ ಕಂಡುಹಿಡಿಯಲಾರರು. ಪ್ರೋಗ್ರಾಂ ನಿಂತರೆ ಗೊತ್ತಾಗುತ್ತದೆ, ತಪ್ಪು ತಾರೀಕು ಗೊತ್ತಾಗುವುದಿಲ್ಲ. ಅದಕ್ಕೇ ನಾನು ಪಟ್ಟು ಹಿಡಿದದ್ದು.

ಆದರೆ ಜನವರಿ 32ರ ಉದಾಹರಣೆ ನೋಡಿದ ಮೇಲೆ, ಅವರನ್ನು ಕೇಳದೆ ನಿಲ್ಲಿಸುವ ಹಕ್ಕು ನಮಗಿಲ್ಲ ಅನ್ನಿಸಿತು.

ಎರಡನೇಸಾಲು

ನಿಮ್ಮ ಕಾಳಜಿಗೆ ಮಧ್ಯದ ದಾರಿ ಇದೆ. ಮೊದಲು 1.9 ಬಿಡಿ. ನಡವಳಿಕೆ ಹಳೆಯದೇ, ಆದರೆ ಇಲ್ಲದ ದಿನಾಂಕ ಬಂದಾಗ ಲಾಗ್‌ನಲ್ಲಿ ಎಚ್ಚರಿಕೆ ಬರಲಿ. ಅದು ಮೈನರ್, ಹಾಗಾಗಿ ಎಲ್ಲರಿಗೂ ತಾನಾಗಿ ತಲುಪುತ್ತದೆ. ಯಾವುದನ್ನಾದರೂ ತೆಗೆಯುವ ಮುನ್ನ ಕನಿಷ್ಠ ಒಂದು ಮೈನರ್‌ನಲ್ಲಿ ಎಚ್ಚರಿಕೆ ಕೊಡಿ ಎಂದು ಆ ನಿಯಮಗಳೂ ಹೇಳುತ್ತವೆ. ಜೊತೆಗೆ ಕಟ್ಟುನಿಟ್ಟಾಗಿ ಓದುವ ಹೊಸ ಫಂಕ್ಷನ್ ಒಂದನ್ನೂ, ದಿನ ಕೂಡಿಸಲು ಬೇರೆ ಫಂಕ್ಷನ್ ಒಂದನ್ನೂ 1.9ರಲ್ಲೇ ಕೊಟ್ಟುಬಿಡಿ. ಆಗ 2.0 ಬರುವಷ್ಟರಲ್ಲಿ ಜನ ದಾಟಿ ಆಗಿರುತ್ತದೆ.

ಗಡಿಯಾರಮುಳ್ಳು

ಇದು ನನಗೆ ಒಪ್ಪಿಗೆ. ಒಂದು ಷರತ್ತು: ಎಚ್ಚರಿಕೆಯಲ್ಲಿ ಬರೀ ಇದು ಹಳತಾಗಿದೆ ಅಂತ ಬರೆಯುವುದು ಬೇಡ. ಬಂದ ದಿನಾಂಕ ಯಾವುದು, ನಾವು ಅದನ್ನು ಯಾವ ದಿನವಾಗಿ ಬದಲಾಯಿಸಿದೆವು, ಬದಲಿಗೆ ಯಾವ ಫಂಕ್ಷನ್ ಕರೆಯಬೇಕು, ಮೂರೂ ಇರಬೇಕು. ಲಾಗ್ ಓದಿದವರಿಗೆ ತಮ್ಮ ಡೇಟಾದಲ್ಲಿ ಯಾವ ದಾಖಲೆ ಕೆಟ್ಟಿದೆ ಅಂತ ಅಲ್ಲೇ ಸಿಗಬೇಕು.

ನೂಲುಗಾರ

ಆಗಲಿ ಸರ್. ಈಗಲೇ ಬ್ರಾಂಚ್ ಮಾಡುತ್ತಿದ್ದೇನೆ. 1.9ರಲ್ಲಿ ಎಚ್ಚರಿಕೆ ಮತ್ತು ಆ ಎರಡು ಹೊಸ ಫಂಕ್ಷನ್‌ಗಳು. ಆರು ತಿಂಗಳ ನಂತರ 2.0, ಅದರಲ್ಲಿ ಆ ನಾಲ್ಕು ಸಾಲು ಮಾತ್ರ. 2.0 ಬಂದ ದಿನದಿಂದ ಒಂದು ವರ್ಷ 1.9ಕ್ಕೆ ಭದ್ರತಾ ತಿದ್ದುಪಡಿ, ಕೊನೆಯ ತಾರೀಕನ್ನು ಮೊದಲ ಪುಟದಲ್ಲೇ ಹಾಕುತ್ತೇನೆ. ಟೈಮ್‌ಝೋನ್ 2.1ಕ್ಕೆ. ಜನವರಿ 32 ಬಳಸುತ್ತಿದ್ದ ಆ ಇಬ್ಬರ ಪ್ರಾಜೆಕ್ಟ್‌ಗಳಿಗೂ ಇವತ್ತು ಸಂಜೆ ನಾನೇ ಬರೆದು ತಿಳಿಸುತ್ತೇನೆ, 1.9 ಬಂದ ಮೇಲೆ ಬದಲಾವಣೆಯ ಪ್ಯಾಚ್ ಕೂಡ ಕಳಿಸುತ್ತೇನೆ.

2.0ದ ಚೇಂಜ್‌ಲಾಗ್‌ನ ಮೊದಲ ಸಾಲು ಹೀಗೆ ಬರೆದಿದ್ದೇನೆ, ನೋಡಿ ಹೇಳಿ: "ಈ ಆವೃತ್ತಿಯಲ್ಲಿ ಹೊಸದು ಏನೂ ಇಲ್ಲ. ಇಲ್ಲದ ದಿನಾಂಕ ಕೊಟ್ಟರೆ ಇನ್ನು ಮುಂದೆ ಎರರ್ ಬರುತ್ತದೆ. 1.9ರಲ್ಲಿ ನಿಮಗೆ ಎಚ್ಚರಿಕೆ ಬರದಿದ್ದರೆ ನೀವು ಏನೂ ಬದಲಾಯಿಸಬೇಕಿಲ್ಲ."

ಗಡಿಯಾರಮುಳ್ಳು

ಕೊನೆಯ ವಾಕ್ಯವನ್ನು ಮೊದಲಿಗೆ ತನ್ನಿ. ಜನ ಹುಡುಕುವುದು ಅದನ್ನೇ.